ಯಾರ ಜೇಬಿನ ದುಡ್ಡು?

ಮನೆಯಲ್ಲೇ ಕುಳಿತು ತಿಂಗಳಿಗೆ ಹದಿನೈದು ಸಾವಿರ ದುಡಿಯಬಹುದು ಎಂಬ ಮಾತು 2008ರ ಸುಮಾರಿಗೆ ಶಿವಮೊಗ್ಗದಲ್ಲಿ ಎಲ್ಲಿ ನೋಡಿದರೂ ಕಾಣುತ್ತಿತ್ತು. ಸಿಟಿ ಬಸ್ಸಿನ ಸೀಟಿನ ಬೆನ್ನಿಗೆ, ಕರೆಂಟು ಕಂಬಕ್ಕೆ, ಬೆಳಗಿನ ಪೇಪರಿನ ಮಡಿಕೆಯೊಳಗೆ ಸೇರಿಸಿದ ಹಳದಿ ಕರಪತ್ರಕ್ಕೆ ಅದೇ ಒಕ್ಕಣೆ: ಗೃಹಿಣಿಯರಿಗೆ, ನಿವೃತ್ತರಿಗೆ, ವಿದ್ಯಾರ್ಥಿಗಳಿಗೆ ಸುವರ್ಣಾವಕಾಶ. ನಾನು ಮೊದಲನೇ ಗುಂಪಿಗೆ ಸೇರಿದವಳು. ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೆ. ಸಿಗುತ್ತಿದ್ದ ಸಂಬಳ ಹೇಳಿಕೊಳ್ಳುವಂಥದ್ದೇನಲ್ಲ. ಆದರೂ ಅಂಗಡಿಯಲ್ಲಿ ಪರ್ಸ್ ತೆಗೆಯುವಾಗ ಯಾರ ಮುಖವನ್ನೂ ನೋಡಬೇಕಿರಲಿಲ್ಲ.

ಮನೆಗೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಿದ್ದು ಯಜಮಾನರ ಆಫೀಸು ಕೆಲಸಕ್ಕೆಂದು. ತಿಂಗಳಿಗೆ 500 ರೂಪಾಯಿಯ ಆ ಪ್ಲಾನಿನಲ್ಲಿ ಬಳಸಲು ಸಿಗುತ್ತಿದ್ದದ್ದು ಎರಡೂವರೆ ಜಿಬಿ ಮಾತ್ರ. ಆದರೆ ರಾತ್ರಿ ಎರಡು ಗಂಟೆಯಿಂದ ಬೆಳಿಗ್ಗೆ ಎಂಟರ ತನಕ ಎಷ್ಟು ಬಳಸಿದರೂ ಲೆಕ್ಕವಿಲ್ಲ. ಎರಡು ಗಂಟೆಗೆ ಯಾರದಾದರೂ ಕಿಟಕಿಯಲ್ಲಿ ದೀಪ ಕಂಡರೆ ಮಗು ಅಳುತ್ತಿರಬೇಕು, ಇಲ್ಲವೇ ಯಾರಿಗೋ ಹುಷಾರಿಲ್ಲ ಎಂದುಕೊಳ್ಳುವ ಕಾಲ ಮುಗಿದು, ಸಿನಿಮಾ ಡೌನ್‌ಲೋಡಿಗೆ ಹಾಕಿದ್ದಾರೆ ಎನ್ನುವ ಕಾಲ ಬಂದಿತ್ತು. ನನ್ನ ಆನ್‌ಲೈನ್ ದುಡಿಮೆ ಶುರುವಾದದ್ದೂ ಆ ಪುಕ್ಕಟೆ ಹೊತ್ತಿನಲ್ಲೇ.

ಮೊದಲು ಸಿಕ್ಕಿದ್ದು ಕ್ಯಾಪ್ಚಾ ಟೈಪಿಂಗ್. ಪರದೆಯ ಮೇಲೆ ಸೊಟ್ಟಗೆ ಎಳೆದ, ಮೇಲೆ ಗೆರೆ ಹೊಡೆದ ಇಂಗ್ಲಿಷ್ ಅಕ್ಷರಗಳು ಮೂಡುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಅವನ್ನು ಓದಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಒತ್ತಿದ ಕೂಡಲೇ ಇನ್ನೊಂದು. ಸಾವಿರ ಸರಿಯಾದರೆ ಒಂದು ಡಾಲರಿಗಿಂತ ಕಡಿಮೆ ಸಿಗುತ್ತಿತ್ತು; ತಪ್ಪು ಹೆಚ್ಚಾದರೆ ಅದೂ ಕತ್ತರಿ. ಕೆಲಸದಲ್ಲಿ ಒಂದು ಬಗೆಯ ಮಂಪರು ಇತ್ತು. ಮಗಳು ಮಗ್ಗಲು ಬದಲಿಸುವ ಸದ್ದಿಗೆ ಒಂದು ಕಿವಿ, ಕೈ ಮಾತ್ರ ಕೀಬೋರ್ಡಿನ ಮೇಲೆ. ಎಷ್ಟು ಹೊತ್ತು ಕೂತೆ, ಏನು ಗಿಟ್ಟಿತು ಎಂದು ಲೆಕ್ಕ ಹಾಕಲು ಮನಸ್ಸೇ ಬರುತ್ತಿರಲಿಲ್ಲ.

ಆ ಲೆಕ್ಕ ಹಾಕಿಸಿದವರು ನನ್ನ ಸೋದರಮಾವ. ಅವರದು ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಮಂಡಿ. ತೀರ್ಥಹಳ್ಳಿ, ಹೊಸನಗರದ ಕಡೆಯ ಬೆಳೆಗಾರರು ಚೀಲ ತಂದು ಇಳಿಸುತ್ತಾರೆ, ಖರೀದಿದಾರರು ಬಂದು ಚೀಲದೊಳಗೆ ಕೈ ಹಾಕಿ ಹಿಡಿ ಅಡಿಕೆ ತೆಗೆದು, ಒಂದೆರಡು ಒಡೆದು ನೋಡಿ ಟೆಂಡರು ಬರೆಯುತ್ತಾರೆ, ಮಾವನಿಗೆ ಕಮಿಷನ್. ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬ ಎರಡು ಪ್ರಶ್ನೆಗಳಲ್ಲೇ ಆಯುಸ್ಸು ಸವೆಸಿದ ಮನುಷ್ಯ. ಭಾನುವಾರ ತಿಂಡಿಗೆ ಬಂದವರು ನನ್ನ ಕೆಂಪು ಕಣ್ಣು ನೋಡಿ ವಿಷಯ ಕೇಳಿದರು. ಸಂಭ್ರಮದಿಂದಲೇ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಅದೆಲ್ಲ ಸರಿ ಮಾರಾಯ್ತಿ. ಈ ದುಡ್ಡು ಯಾರ ಜೇಬಿಂದ ಬರ್ತದೆ?” ಅಂದರು.

“ಕಂಪನಿ ಕೊಡ್ತದೆ ಮಾವ.”

“ಕಂಪನಿಗೆ ಯಾರು ಕೊಡ್ತಾರೆ? ನಡುರಾತ್ರಿ ನೀನು ಸೊಟ್ಟ ಅಕ್ಷರ ಓದಿದ್ರೆ ಯಾರಿಗೆ ಏನು ಲಾಭ?”

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕ ಉತ್ತರ ಚೆನ್ನಾಗಿರಲಿಲ್ಲ. ಆ ಸೊಟ್ಟ ಅಕ್ಷರಗಳನ್ನು ಜಾಲತಾಣಗಳು ಇಟ್ಟಿದ್ದೇ ಬಂದವರು ಮನುಷ್ಯರೋ ಯಂತ್ರವೋ ಎಂದು ಪರೀಕ್ಷಿಸಲಿಕ್ಕೆ. ಸುಳ್ಳು ಇಮೇಲ್ ಖಾತೆಗಳನ್ನು ರಾಶಿಗಟ್ಟಲೆ ತೆರೆಯುವ, ಕಸದ ಜಾಹೀರಾತು ಹಂಚುವ ಮಂದಿಯ ಯಂತ್ರಗಳು ಅಲ್ಲಿ ತಡೆದು ನಿಲ್ಲುತ್ತಿದ್ದವು. ಆ ತಡೆ ದಾಟಿಸಲು ಅವರಿಗೆ ಅಗ್ಗದ ಕಣ್ಣು, ಅಗ್ಗದ ಬೆರಳು ಬೇಕಿತ್ತು. ಬಂಗಾಳಿಯೋ ಫಿಲಿಪ್ಪೀನಿಯೋ ಕನ್ನಡದವಳೋ, ಯಾರದಾದರೂ ಆಗಬಹುದು. ವಿಚಿತ್ರವೆಂದರೆ ಅದೇ ಹೊತ್ತಿಗೆ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ರೀಕ್ಯಾಪ್ಚಾ ಇದೇ ಪರೀಕ್ಷೆಯನ್ನು ಇನ್ನೊಂದು ಕೆಲಸಕ್ಕೆ ಬಳಸುತ್ತಿತ್ತು. ಹಳೆಯ ಪುಸ್ತಕ, ಪತ್ರಿಕೆಗಳನ್ನು ಸ್ಕ್ಯಾನ್ ಮಾಡುವಾಗ ಕಂಪ್ಯೂಟರಿಗೆ ಓದಲಾಗದ ಪದಗಳನ್ನು ಜನರ ಮುಂದೆ ಇಟ್ಟು ಓದಿಸುತ್ತಿತ್ತು. 2009ರಲ್ಲಿ ಗೂಗಲ್ ಅದನ್ನು ಕೊಂಡಿತು. ಹಾಗೆ ಬಿಟ್ಟಿಯಾಗಿ ಓದಿದವರ ಶ್ರಮ ಪುಸ್ತಕಗಳಿಗೆ ಸಂದಿತು. ದುಡ್ಡಿಗಾಗಿ ಓದಿದ ನನ್ನ ಶ್ರಮ ಯಾರ ಇನ್‌ಬಾಕ್ಸಿಗೆ ಯಾವ ಕಸ ತುಂಬಿತೋ.

ಎದುರು ಮನೆಯ ಅಕ್ಕ ಹಿಡಿದದ್ದು ಡೇಟಾ ಎಂಟ್ರಿ. ಹೆಸರು ನೋಂದಾಯಿಸಲು ಒಂದಿಷ್ಟು ಸಾವಿರ ಕಟ್ಟಿಸಿಕೊಂಡು, ಸಿ.ಡಿ.ಯೊಂದರಲ್ಲಿ ಇಂಗ್ಲಿಷ್ ಪುಸ್ತಕದ ಪುಟಗಳ ಚಿತ್ರ ಕೊಟ್ಟಿದ್ದರು. ನೋಡಿಕೊಂಡು ಟೈಪ್ ಮಾಡಬೇಕು, ಗಡುವಿನೊಳಗೆ ಮುಗಿಸಬೇಕು, ನೂರಕ್ಕೆ ತೊಂಬತ್ತೈದಕ್ಕೂ ಮೇಲ್ಪಟ್ಟು ಸರಿ ಇರಬೇಕು. ಮಧ್ಯಾಹ್ನ ಕೆಲಸ ಮುಗಿಸಿ ನಾನೂ ಅವರ ಪಕ್ಕ ಕೂತು ಪುಟ ಓದಿ ಹೇಳುತ್ತಿದ್ದೆ. ಪುಟಗಳು ಮಸುಕು. ಎಲ್ ಅಕ್ಷರ ಯಾವುದು, ಒಂದು ಎಂಬ ಅಂಕಿ ಯಾವುದು ಎಂದು ಭೂತಗನ್ನಡಿ ಹಿಡಿದರೂ ತಿಳಿಯುತ್ತಿರಲಿಲ್ಲ. ಪೂರ್ಣವಿರಾಮದ ಪಕ್ಕದ ಚುಕ್ಕೆ ಅಲ್ಪವಿರಾಮದ ಬಾಲವೋ ಕಾಗದದ ಕೊಳೆಯೋ ಗೊತ್ತಾಗುತ್ತಿರಲಿಲ್ಲ. ಹಾಗೆ ಮಸುಕು ಮಾಡಿಯೇ ಕೊಟ್ಟಿದ್ದರೆಂದು ಈಗ ಹೇಳಬಲ್ಲೆ. ಕೆಲಸ ಒಪ್ಪಿಸಿದ ವಾರದಲ್ಲಿ ಗುಣಮಟ್ಟ ಸಾಲದು ಎಂಬ ಇಮೇಲ್, ಅದರ ಬೆನ್ನಿಗೆ ಕರಾರು ಮುರಿದಿದ್ದೀರಿ, ನಷ್ಟ ಕಟ್ಟಿಕೊಡಿ, ಇಲ್ಲದಿದ್ದರೆ ಕೋರ್ಟಿಗೆ ಬನ್ನಿ ಎಂಬ ನೋಟಿಸು.

ಅಕ್ಕ ಎರಡು ದಿನ ಊಟ ಬಿಟ್ಟರು. ಯಜಮಾನರಿಗೆ ಹೇಳಿರಲಿಲ್ಲ. ಕೊನೆಗೆ ಇಬ್ಬರೂ ಕೂಡಿ ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. ಅವರು ನೋಟಿಸನ್ನು ಓದಿ, ತಿರುಗಿಸಿ ಹಿಂಬದಿ ನೋಡಿ, ಮತ್ತೆ ತಿರುಗಿಸಿ, “ಇಂಥವು ನನ್ನ ಹತ್ರ ವಾರಕ್ಕೊಂದು ಬರ್ತವೆ ಕಣ್ರಮ್ಮಾ. ಇವರು ಕೋರ್ಟಿಗೆ ಬರೋರಲ್ಲ. ಕಾಫಿ ಕುಡ್ದು ಮನೆಗೆ ಹೋಗಿ” ಅಂದರು. ಫೀಸನ್ನೂ ಮುಟ್ಟಲಿಲ್ಲ. ಮಾವನಿಗೆ ಹೇಳಿದಾಗ ಅವರು ಹೆಚ್ಚು ಮಾತಾಡಲಿಲ್ಲ. “ಟೈಪ್ ಮಾಡಿದ ಪುಸ್ತಕ ಕೊಳ್ಳೋ ಗಿರಾಕಿಯೇ ಇಲ್ಲ. ಅವರ ಗಿರಾಕಿ ನೀವೇ” ಎಂದಷ್ಟೇ ಅಂದರು. ಅಕ್ಕ ಕಟ್ಟಿದ ಹಣವೇ ಆ ಕಂಪನಿಯ ವರಮಾನ. ನೋಟಿಸಿಗೆ ಹೆದರಿ ಕೆಲವರು ಕಟ್ಟುವುದು ಮೇಲುಸಂಪಾದನೆ.

ಅಡುಗೆ ಬರೆದು ಜಾಹೀರಾತಿನಿಂದ ಗಳಿಸುವ ದಾರಿ ಇದಕ್ಕಿಂತ ಪ್ರಾಮಾಣಿಕವಾದದ್ದು. ಗೂಗಲ್‌ನ ಆಡ್‌ಸೆನ್ಸ್ ಒಪ್ಪುತ್ತಿದ್ದ ಭಾಷೆಗಳ ಪಟ್ಟಿಯಲ್ಲಿ ಆಗ ಕನ್ನಡ ಇರಲಿಲ್ಲ. ಹಿಂದಿಗೇ ಆ ಭಾಗ್ಯ ಬಂದದ್ದು 2014ರ ಕೊನೆಯಲ್ಲಿ. ಹಾಗಾಗಿ ಕಳಲೆ ಪಲ್ಯ, ಪತ್ರೊಡೆ, ಅಪ್ಪೆಹುಳಿಯನ್ನೆಲ್ಲ ನನ್ನ ಶಾಲೆಯ ಇಂಗ್ಲಿಷಿನಲ್ಲಿ ಬರೆದೆ. ಕಳಲೆಯನ್ನು ನೀರು ಬದಲಿಸುತ್ತ ನೆನೆಹಾಕಬೇಕು ಎಂಬ ಸಾಲಿನ ಪಕ್ಕ ಅಮೆರಿಕದ ಗೃಹಸಾಲದ ಜಾಹೀರಾತು ಬರುತ್ತಿತ್ತು. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಾತ್ರಿಗೆಂದು ಅಂಚೆಯಲ್ಲಿ ಪಿನ್ ಸಂಖ್ಯೆಯ ಲಕೋಟೆ ಬಂತು. ಪೋಸ್ಟ್‌ಮ್ಯಾನ್ ಅದನ್ನು ಕೊಟ್ಟು, “ಏನಮ್ಮಾ, ಫಾರಿನ್ನಿಂದ?” ಎಂದು ನಿಂತರು. 100 ಡಾಲರ್ ಆದ ಮೇಲಷ್ಟೇ ಹಣ ಕಳಿಸುವುದು ನಿಯಮ. ಹತ್ತರಿಂದ ನೂರಕ್ಕೆ ಹೋಗುವುದರಲ್ಲಿ ಮಗಳು ಅಂಗನವಾಡಿ ಮುಗಿಸಿ ಶಾಲೆಗೆ ಸೇರಿದ್ದಳು. ಆದರೆ ಮಾವನ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿತ್ತು: ಸರಕು ಮಾರುವವನು ಕೊಡುತ್ತಾನೆ, ಓದುವವರು ಇದ್ದಷ್ಟು ಕೊಡುತ್ತಾನೆ. ನನಗೆ ಓದುಗರು ಕಡಿಮೆ, ಅಷ್ಟೇ.

ದುಡಿಮೆ ಎನ್ನುವಂಥ ದುಡಿಮೆ ಸಿಕ್ಕಿದ್ದು ಅನುವಾದದಲ್ಲಿ. ಹೊರದೇಶದ ಏಜೆನ್ಸಿಗಳು ಇಂಗ್ಲಿಷಿನಿಂದ ಕನ್ನಡಕ್ಕೆ ಪದಕ್ಕಿಷ್ಟು ಸೆಂಟ್ ಎಂದು ಕೆಲಸ ಕೊಡುತ್ತವೆ. ಮೊದಲು ಒಂದು ಪುಟದ ಪರೀಕ್ಷೆ, ಪಾಸಾದರೆ ಕೆಲಸ. ಅವರು ದುಡ್ಡು ಕೇಳಲಿಲ್ಲ. ನನಗೆ ಅದೇ ದೊಡ್ಡ ಗುರುತಾಗಿ ಕಂಡಿತು. ಹೆಚ್ಚಿನವು ಹೊಸ ಔಷಧಿಗಳ ಪ್ರಯೋಗಕ್ಕೆ ಸಂಬಂಧಿಸಿದ ಒಪ್ಪಿಗೆ ಪತ್ರಗಳು. ಪ್ರಯೋಗಕ್ಕೆ ಒಳಪಡುವ ರೋಗಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಎಲ್ಲವನ್ನೂ ವಿವರಿಸಿ ಸಹಿ ಪಡೆಯಬೇಕೆಂಬುದು ನಮ್ಮ ದೇಶದ ಕಾನೂನು. ಆದ್ದರಿಂದ ಎಲ್ಲೋ ಸ್ವಿಟ್ಜರ್ಲೆಂಡಿನಲ್ಲಿ ಬರೆದ ಕಾಗದ ಕೊನೆಗೆ ನನ್ನ ಊಟದ ಮೇಜಿಗೆ ಬರುತ್ತಿತ್ತು. ‘ಪ್ರತಿ ಭೇಟಿಯಲ್ಲಿ 10 ಮಿಲಿಲೀಟರ್, ಅಂದರೆ ಸುಮಾರು ಎರಡು ಟೀ ಚಮಚದಷ್ಟು ರಕ್ತ ತೆಗೆಯಲಾಗುವುದು. ನೀವು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ.’ ನಾನು ಬರೆದದ್ದನ್ನು ಇನ್ಯಾರೋ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ತಾಳೆ ನೋಡುತ್ತಿದ್ದರು. ಒಂದು ವಾಕ್ಯ ಸಡಿಲವಾದರೂ ಫೈಲು ವಾಪಸ್. ಬರೆದು ಮುಗಿಸಿ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಏಳನೇ ಕ್ಲಾಸು ಓದಿದ ಅವಳಿಗೆ ಎಲ್ಲಿ ತಡೆಯಿತೋ ಅಲ್ಲಿ ತಿದ್ದುತ್ತಿದ್ದೆ. ಈ ಕೆಲಸದಲ್ಲಿ ನನ್ನ ಬಿ.ಎಸ್ಸಿ.ಯೂ ದುಡಿಯಿತು, ಅಮ್ಮನ ಕಿವಿಯೂ ದುಡಿಯಿತು.

ಹಣ ಕೈಗೆ ಬರುವುದು ಬೇರೆಯೇ ಕಥೆ. ರಿಸರ್ವ್ ಬ್ಯಾಂಕ್ 2010ರ ನವೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಆನ್‌ಲೈನ್ ಪೇಮೆಂಟ್ ಗೇಟ್‌ವೇ ಮೂಲಕ ಹೊರಗಿನಿಂದ ಒಂದು ಸಲಕ್ಕೆ ಬರುವ ಹಣಕ್ಕೆ 500 ಡಾಲರ್ ಮಿತಿ ಇಟ್ಟಿತ್ತು. ಮರುವರ್ಷ ಅದು 3,000 ಆಯಿತು. ಗೇಟ್‌ವೇಯ ಶುಲ್ಕ ಒಂದು, ಡಾಲರನ್ನು ರೂಪಾಯಿ ಮಾಡುವಾಗ ಪೇಟೆಯ ದರಕ್ಕಿಂತ ಕಡಿಮೆ ಹಾಕಿ ಮುರಿದುಕೊಳ್ಳುವುದು ಇನ್ನೊಂದು. ಪೇಪರಿನಲ್ಲಿ ಅವತ್ತಿನ ಡಾಲರ್ ದರ ನೋಡಿ, ನನ್ನ ಪಾಸ್‌ಬುಕ್ಕಿನ ಅಂಕಿಯ ಪಕ್ಕ ಪೆನ್ಸಿಲಿನಲ್ಲಿ ವ್ಯತ್ಯಾಸ ಬರೆಯುವ ಚಟ ಹತ್ತಿತು. ಮಧ್ಯದಲ್ಲಿ ಎಷ್ಟು ಸೋರುತ್ತದೆ ಎಂದು ನೋಡುವ ಆ ಚಟವೇ ನನ್ನನ್ನು ಗಳಿಕೆಯಿಂದ ಉಳಿತಾಯದ ಕಡೆಗೆ ತಿರುಗಿಸಿತು.

ನಮ್ಮ ಮ್ಯೂಚುವಲ್ ಫಂಡನ್ನು ಮಾಡಿಸಿದ್ದು ಯಜಮಾನರ ಸ್ನೇಹಿತರೊಬ್ಬ ಏಜೆಂಟರು. 2009ರ ಆಗಸ್ಟಿನ ತನಕ ಕಟ್ಟಿದ ಹಣದಲ್ಲಿ ಆರಂಭದಲ್ಲೇ ಶೇಕಡಾ ಎರಡಕ್ಕೂ ಹೆಚ್ಚು ಮುರಿದುಕೊಳ್ಳುತ್ತಿದ್ದರು. ಸೆಬಿ ಅದನ್ನು ನಿಲ್ಲಿಸಿತು. 2013ರ ಜನವರಿ 1ರಿಂದ ಏಜೆಂಟರಿಲ್ಲದೆ ನೇರವಾಗಿ ಹೂಡುವವರಿಗೆ ಬೇರೆಯೇ ಪ್ಲಾನು ಕೊಡಬೇಕೆಂದೂ ವಿಧಿಸಿತು. ಫಂಡು ಅದೇ, ಷೇರುಗಳೂ ಅವೇ, ಖರ್ಚು ಮಾತ್ರ ಕಡಿಮೆ. ಅರ್ಧ ಶೇಕಡವೋ ಒಂದು ಶೇಕಡವೋ, ಅದರಲ್ಲಿ ಏನಿದೆ ಎಂದು ಯಜಮಾನರು ನಕ್ಕರು. ಎಕ್ಸೆಲ್ ತೆರೆದು ತೋರಿಸಿದೆ. ತಿಂಗಳಿಗೆ 5,000 ರೂಪಾಯಿಯಂತೆ ಇಪ್ಪತ್ತು ವರ್ಷ ಕಟ್ಟಿದರೆ, ವರ್ಷಕ್ಕೆ ಶೇಕಡಾ 12ರಂತೆ ಬೆಳೆದಾಗ ಸಿಗುವುದು ಸುಮಾರು 49 ಲಕ್ಷ; 11ರಂತೆ ಬೆಳೆದರೆ ಸುಮಾರು 43 ಲಕ್ಷ. ಒಂದೇ ಒಂದು ಶೇಕಡಾ, ಆರು ಲಕ್ಷ! ನಗು ನಿಂತಿತು. ಕ್ಯಾಪ್ಚಾ ಓದಿ ಆರು ಲಕ್ಷ ಗಳಿಸಲು ಎಷ್ಟು ಜನ್ಮ ಬೇಕೆಂದು ನಾನು ಲೆಕ್ಕ ಹಾಕಲಿಲ್ಲ.

ಇದನ್ನು ಹೆಮ್ಮೆಯಿಂದ ಮಾವನ ಮುಂದೆ ಹೇಳಿದಾಗ ಅವರ ಮುಖ ಸ್ವಲ್ಪ ಗಂಟಾಯಿತು. ಅವರೂ ಕಮಿಷನ್ ಮೇಲೆ ಬದುಕಿದವರಲ್ಲವೇ. “ಮಧ್ಯದೋನು ಅಂದ್ರೆ ಕಳ್ಳ ಅಂತ ತಿಳ್ಕೋಬೇಡ. ಮಗಳ ಮದುವೆ ಇಟ್ಕೊಂಡು, ಅಡಿಕೆ ಇನ್ನೂ ಮರದಲ್ಲಿರುವಾಗ್ಲೇ ಬಂದು ನಿಂತೋನಿಗೆ ನಾನು ಅಡ್ವಾನ್ಸ್ ಕೊಟ್ಟಿದ್ದೀನಿ. ನಿನ್ನ ಕಂಪ್ಯೂಟರು ಕೊಡ್ತದಾ?” ಎಂದರು. ಆ ಮಾತು ತಳ್ಳಿಹಾಕುವಂಥದ್ದಾಗಿರಲಿಲ್ಲ. ನಮ್ಮ ಮಾವನವರು, ಅಂದರೆ ಯಜಮಾನರ ತಂದೆ, ತೀರಿಕೊಂಡಾಗ ಅವರ ಹಳೆಯ ಹೂಡಿಕೆಗಳ ಕಾಗದ ಹುಡುಕಿ, ನಾಮಿನಿ ಅರ್ಜಿ ತುಂಬಿ, ಅತ್ತೆಯ ಸಹಿ ಹಾಕಿಸಿ ಬ್ಯಾಂಕಿಗೂ ಆಫೀಸಿಗೂ ಓಡಾಡಿದವರು ಅದೇ ಏಜೆಂಟರು. ಒಂದು ರೂಪಾಯಿಯನ್ನೂ ಕೇಳಲಿಲ್ಲ. ಅವರ ಕಮಿಷನ್ನಿನಲ್ಲಿ ಆ ಓಡಾಟವೂ ಸೇರಿತ್ತು ಎಂದು ನನಗೆ ಹೊಳೆದದ್ದು ಆಗ. ಹಾಗಾಗಿ ನಮ್ಮ ಹೂಡಿಕೆಯನ್ನು ನೇರ ಪ್ಲಾನಿಗೆ ಹಾಕಿದೆ, ಅತ್ತೆಯದನ್ನು ಏಜೆಂಟರ ಬಳಿಯೇ ಬಿಟ್ಟೆ. ದುಡ್ಡು ಯಾರ ಜೇಬಿನಿಂದ ಎಂಬುದರ ಜೊತೆಗೆ, ಮುರಿದುಕೊಂಡವನು ಬದಲಿಗೆ ಏನು ಕೊಡುತ್ತಾನೆ ಎಂದೂ ಅಂದಿನಿಂದ ಕೇಳತೊಡಗಿದೆ.

ನೋಟು ರದ್ದಾದ ಮೇಲಿನ ಕ್ಯಾಶ್‌ಬ್ಯಾಕ್ ಕಾಲದಲ್ಲಿ ಆ ಎರಡೂ ಪ್ರಶ್ನೆಗಳು ಕಕ್ಕಾಬಿಕ್ಕಿಯಾದವು. ಯುಪಿಐ ಬಂದದ್ದು 2016ರಲ್ಲಿ. ಮರುವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ತೇಜ್ ಬಂತು, ಅದೇ ಮುಂದೆ ಗೂಗಲ್ ಪೇ ಆಯಿತು. ತಮ್ಮನಿಗೆ ನೂರು ಕಳಿಸಿದರೆ ಸ್ಕ್ರ್ಯಾಚ್ ಕಾರ್ಡು. ಬೆರಳಿನಿಂದ ಉಜ್ಜಿದರೆ ಒಮ್ಮೆ ಹನ್ನೊಂದು ರೂಪಾಯಿ, ಒಮ್ಮೆ ‘ಬೆಟರ್ ಲಕ್ ನೆಕ್ಸ್ಟ್ ಟೈಮ್’. ತಮ್ಮ ಅದೇ ನೂರನ್ನು ತಿರುಗಿ ಕಳಿಸಿ ತಾನೂ ಉಜ್ಜುತ್ತಿದ್ದ. 2019ರ ದೀಪಾವಳಿಗೆ ಗೂಗಲ್ ಪೇಯಲ್ಲಿ ದೀಪ, ಝುಮ್ಕಾ, ಹೂ, ಲಾಟೀನು, ರಂಗೋಲಿ ಎಂಬ ಐದು ಸ್ಟಾಂಪು ಕೂಡಿಸಿದವರಿಗೆ 251 ರೂಪಾಯಿ. ನಾಲ್ಕು ಸಲೀಸಾಗಿ ಬಂದವು, ರಂಗೋಲಿ ಮಾತ್ರ ಬರಲೊಲ್ಲದು. ನಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಆ ವರ್ಷ ಹಬ್ಬದ ಶುಭಾಶಯಕ್ಕಿಂತ ಹೆಚ್ಚಾಗಿ ಕಂಡದ್ದು ‘ಯಾರ ಹತ್ರನಾದ್ರೂ ಎಕ್ಸ್‌ಟ್ರಾ ರಂಗೋಲಿ ಇದ್ಯಾ?’ ಎಂಬ ಬೇಡಿಕೆ. ಅಂಗಳದಲ್ಲಿ ದಿನಾ ಚುಕ್ಕಿ ಇಟ್ಟು ಎಳೆಯುವ ನನ್ನ ದೊಡ್ಡಮ್ಮನೂ ಕೇಳಿದ್ದರು.

ಆ ಹಣ ಎಲ್ಲಿಂದ ಬರುತ್ತಿತ್ತು? ಜನರಿಗೆ ಅಭ್ಯಾಸ ಹಿಡಿಸಲೆಂದು ಕಂಪನಿಗಳು ತಮ್ಮ ಕೈಯಿಂದಲೇ ಸುರಿಯುತ್ತಿದ್ದ ಹಣ ಅದು. ಅಭ್ಯಾಸ ಹಿಡಿಯಿತು. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ ಎಂದಾಯಿತು. ಬರಬರುತ್ತ ಕಾರ್ಡು ಉಜ್ಜಿದರೆ ರೂಪಾಯಿಯ ಬದಲು ಯಾವುದೋ ಅಂಗಡಿಯ ರಿಯಾಯಿತಿ ಕೂಪನ್ನು ಬರತೊಡಗಿತು. ಆದರೆ ಬದಲಿಗೆ ಸಿಕ್ಕಿದ್ದು ಸಣ್ಣದಲ್ಲ. ಹೂ ಮಾರುವ ಅಜ್ಜಿ ಮೊಳಕ್ಕೆ ಚಿಲ್ಲರೆ ಇಲ್ಲವೆಂದು ಜಗಳವಾಡುವುದು ನಿಂತಿದೆ, ಮಾವನ ಮಂಡಿಯ ಹಮಾಲಿಯೂ ಕ್ಯೂಆರ್ ಕೋಡು ತೋರಿಸುತ್ತಾನೆ.

ಹಳೆಯ ಹಳದಿ ಕರಪತ್ರ ಮಾತ್ರ ಸತ್ತಿಲ್ಲ, ಟೆಲಿಗ್ರಾಮಿಗೆ ಸೇರಿಕೊಂಡಿದೆ. ಮಗಳ ಗೆಳತಿಯೊಬ್ಬಳಿಗೆ ಯೂಟ್ಯೂಬ್ ವಿಡಿಯೊ ಲೈಕ್ ಮಾಡಿದ್ದಕ್ಕೆ ಮೊದಲು ನೂರೈವತ್ತು ರೂಪಾಯಿ ನಿಜಕ್ಕೂ ಬಂತು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ಸಾವಿರ ಕಟ್ಟಿಸಿಕೊಂಡು ಸಾವಿರದ ಮುನ್ನೂರು ತೋರಿಸಿದರು, ಬಳಿಕ ಇನ್ನೂ ಹೆಚ್ಚು. ಪರದೆಯ ಮೇಲೆ ಬೆಳೆದ ಹಣ ತೆಗೆಯಲು ಹೋದರೆ ಅದಕ್ಕೂ ತೆರಿಗೆ ಕಟ್ಟಬೇಕಂತೆ. ನನ್ನ ಮಗಳು ಅವಳಿಗೆ ಕೇಳಿದ್ದು ಮಾವನ ಪ್ರಶ್ನೆಯನ್ನೇ. ಆಮೇಲೆ ಇಬ್ಬರೂ ಕೂತು 1930ಕ್ಕೆ ಫೋನ್ ಮಾಡಿದರು. ಸೈಬರ್ ವಂಚನೆಯ ಆ ಸಹಾಯವಾಣಿಗೆ ಎಷ್ಟು ಬೇಗ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. ಅಕ್ಕನ ಹಾಗೆ ಎರಡು ದಿನ ಊಟ ಬಿಟ್ಟು ಕೂರಲಿಲ್ಲ ಎಂಬುದೇ ನನಗೆ ಸಮಾಧಾನ.

ಈಗ ನನ್ನ ಕೆಲಸದಲ್ಲೇ ಹೊಸ ಲೆಕ್ಕ ಶುರುವಾಗಿದೆ. ಯಂತ್ರವೇ ಕನ್ನಡಕ್ಕೆ ಅನುವಾದ ಮಾಡುತ್ತದೆ, ನೀವು ತಿದ್ದಿದರೆ ಸಾಕು, ದರ ಅರ್ಧಕ್ಕಿಂತ ಕಡಿಮೆ ಎನ್ನುತ್ತವೆ ಏಜೆನ್ಸಿಗಳು. ಆ ಯಂತ್ರಕ್ಕೆ ಕನ್ನಡ ಬಂದದ್ದು ನನ್ನಂಥವರು ಬರೆದ ಕನ್ನಡದಿಂದ. ಹಾಗೆ ಕಲಿಸಿದ್ದಕ್ಕೆ ನೇರವಾಗಿ ಹಣ ಕೊಡುವವರೂ ಇದ್ದಾರೆ: ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳಿಂದ ಮೊಬೈಲಿನಲ್ಲಿ ಕನ್ನಡ ವಾಕ್ಯ ಓದಿಸಿ, ಧ್ವನಿ ಮುದ್ರಿಸಿಕೊಂಡು, ಗಂಟೆಗೆ ಸುಮಾರು 5 ಡಾಲರ್ ಲೆಕ್ಕದಲ್ಲಿ ಕೊಟ್ಟಿದೆ. ನಾನು ನಡುರಾತ್ರಿ ಸಾವಿರ ಕ್ಯಾಪ್ಚಾಗೆ ಪಡೆದದ್ದನ್ನು ನೆನೆದರೆ, ಆಡುವ ಮಾತಿಗೇ ಇಷ್ಟು ಬೆಲೆ ಬಂದದ್ದು ಖುಷಿಯ ಸಂಗತಿ. ನನಗೆ ಬಂದ ಪತ್ರದಲ್ಲಿ ಮಾತ್ರ ದರ ಇಳಿಸಿದರೆ ಉಳಿಯುವ ಹಣ ಯಾರ ಜೇಬಿಗೆ ಎಂಬುದು ಸ್ಪಷ್ಟವಿತ್ತು, ಬದಲಿಗೆ ನನಗೇನು ಎಂಬುದು ಇರಲಿಲ್ಲ.

ಉತ್ತರ ಬರೆಯುವ ಮುಂಚೆ ಯಂತ್ರದ ಕೆಲಸದ ಮಾದರಿ ತರಿಸಿಕೊಂಡು ತಿದ್ದಿ ನೋಡಿದೆ. ಕಂಪನಿಯ ಸೂಚನೆ, ರಜೆಯ ನಿಯಮಗಳಂಥವನ್ನು ಅದು ಪರವಾಗಿಲ್ಲ ಎನ್ನುವಂತೆ ಮಾಡಿತ್ತು. ಒಪ್ಪಿಗೆ ಪತ್ರದಲ್ಲಿ ಮಾತ್ರ, ಗುಳಿಗೆ ನಿಲ್ಲಿಸಬೇಡಿ ಎಂದು ಹೇಳಬೇಕಾದ ಒಂದು ಉದ್ದ ವಾಕ್ಯ ಯಾವುದನ್ನು ನಿಲ್ಲಿಸಬಾರದು ಎಂಬುದೇ ತಿಳಿಯದ ಹಾಗೆ ತಿರುಚಿಕೊಂಡಿತ್ತು. ತಿದ್ದಲು ಹಿಡಿದ ಹೊತ್ತು ಹೊಸದಾಗಿ ಬರೆಯುವಷ್ಟೇ ಆಯಿತು. ಸೂಚನೆಗಳಿಗೆ ನಿಮ್ಮ ದರ ಸರಿ, ಔಷಧಿಯ ಕಾಗದಕ್ಕೆ ನನ್ನ ಹಳೆಯ ದರವೇ ಎಂದು ಬರೆದು ಕಳಿಸಿದೆ. ಮಾವ ಈಗ ಮಂಡಿಯನ್ನು ಮಗನಿಗೆ ಬಿಟ್ಟಿದ್ದಾರೆ. ಅವರಿಗೆ ಇದನ್ನೆಲ್ಲ ಹೇಳಿದರೆ, “ಮತ್ತೇನು? ಅಗ್ಗದ ಗೊರಬಲಿನ ರೇಟಿಗೆ ರಾಶಿ ಅಡಿಕೆ ಯಾರಾದ್ರೂ ಕೊಡ್ತಾರಾ?” ಅಂದರು.

ಏಜೆನ್ಸಿಗಳಲ್ಲಿ ಒಂದು ಒಪ್ಪಿತು, ಒಂದು ಬೇರೆಯವರನ್ನು ನೋಡಿಕೊಂಡಿತು. ಒಪ್ಪಿದವರಿಗೆ ಈಗ ತಿಂಗಳ ಕೊನೆಗೆ ಎರಡು ದರದ ಎರಡು ಬಿಲ್ಲು ಕಳಿಸುತ್ತೇನೆ.